ಟೇಪಿನ ಇನ್ನೊಂದು ತುದಿ

ಊರಿಗೆಲ್ಲ ಅವನು ಸಾಹೇಬ. ಬ್ಯಾಂಕಿನವರಿಗೆ ವೈ. ಆರ್. ಸರ್. ಸರ್ಕಾರದ ಹಣಕಾಸು ಇಲಾಖೆಯಲ್ಲಿ ಅವನ ಕೋಣೆಯ ಮುಂದೆ ಕೈಕಟ್ಟಿ ನಿಂತವರಿಗೆ ಮಾನ್ಯ ಅಧ್ಯಕ್ಷರು. ಈ ಕಥೆ ಅವನನ್ನು ಯಲಗೂರಪ್ಪ ಎಂದೇ ಕರೆಯುತ್ತದೆ. ಮಮದಾಪುರದ ಕೇರಿಯಲ್ಲಿ ಅವನ ಅವ್ವ ಇಟ್ಟ ಹೆಸರು ಅದು. ಆ ಹೆಸರು ಹಿಡಿದು ಕರೆಯುವ ಜೀವ ಈಗ ಒಂದೇ ಉಳಿದಿತ್ತು. ಅದರ ಬಾಯನ್ನೂ ಅವನೇ ಮುಚ್ಚಿಸಿದ್ದ.

ಬೆಳಿಗ್ಗೆ ವಿಜಯಪುರದ ಪ್ರವಾಸಿ ಮಂದಿರದಿಂದ ಕಾರು ಹೊರಟಿತು. ಬಬಲೇಶ್ವರದಲ್ಲಿ ಬ್ಯಾಂಕು ಹೊಸ ಕಟ್ಟಡ ಕಟ್ಟಿಸಿತ್ತು. ಹಿಂದೆ ಅದೇ ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದು, ಆಮೇಲೆ ಅಷ್ಟೆತ್ತರಕ್ಕೆ ಏರಿ ನಿವೃತ್ತನಾದ ಸಾಹೇಬನಿಂದಲೇ ಬಾಗಿಲು ತೆರೆಸಬೇಕು, ಶಾಲು ಹೊದಿಸಬೇಕು ಎಂದು ಈಗಿನ ಮ್ಯಾನೇಜರ್ ಅಂಬಾದಾಸ ಹಟ ಹಿಡಿದಿದ್ದ. ಮುಂದಿನ ಸೀಟಿನಲ್ಲಿ ಕುಳಿತು ಕತ್ತು ಹಿಂದಕ್ಕೆ ತಿರುಗಿಸಿ ಮಾತಾಡುತ್ತಲೇ ಇದ್ದ. ಡ್ರೈವರ್ ಸಾದಿಕ ತುಟಿ ಬಿಚ್ಚದೆ ಗಾಡಿ ಓಡಿಸುತ್ತಿದ್ದ.

ಡಿಸಿ ಆಫೀಸಿನ ಮುಂದೆ ಕಾರು ನಿಧಾನವಾಯಿತು. ರಸ್ತೆಯ ಅರ್ಧಕ್ಕೆ ಹೆಂಗಸರು ಕುಳಿತಿದ್ದರು. ಆಸ್ಪತ್ರೆ, ಹಾಸ್ಟೆಲ್, ಕಚೇರಿ, ಬ್ಯಾಂಕುಗಳ ಕಸ ಗುಡಿಸುವವರು. ಕೆಲಸ ಅಲ್ಲಿ, ಆದರೆ ಯಾರೂ ಅಲ್ಲಿಯವರಲ್ಲ. ಎಲ್ಲ ಗುತ್ತಿಗೆ ಏಜೆನ್ಸಿಯವರು. ಕಸಬರಿಗೆಗಳನ್ನು ಎದುರಿಗೆ ಇಟ್ಟುಕೊಂಡು ಬಿಸಿಲಿಗೆ ಸೆರಗು ಹೊದ್ದು ಕುಳಿತಿದ್ದರು. ಒಂದು ಉದ್ದ ಬಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿತ್ತು: ಪಾಯಖಾನಿ ತೊಳಿಯೂದು ಕೆಲಸ ಅಲ್ಲೇನು?

ಯಲಗೂರಪ್ಪ ಓದಿದ. ಬಟ್ಟೆಯ ಒಂದು ಕೊನೆ ಹಿಡಿದು ನಿಂತವಳು ನಿರ್ಮಲಾ, ಅವನ ಚಿಗವ್ವ ರಾಚವ್ವನ ಮಗಳು. ತಿಕೋಟಾದ ಒಂದು ಹಾಸ್ಟೆಲಿನಲ್ಲಿ ಗುಡಿಸುತ್ತಾಳೆ ಎಂದು ಯಾರೋ ಯಾವಾಗಲೋ ಹೇಳಿದ್ದರು. ಅವಳು ಕಾರಿನ ಕಡೆ ನೋಡಿದಳು. ಅವನು ಫೋನಿನ ಕಡೆ ನೋಡಿದ. ಫೋನು ಬಂದೇ ಇರಲಿಲ್ಲ.

"ಬರೇ ನಖರಾ ಸರ್ ಇವರದು," ಅಂದ ಅಂಬಾದಾಸ. "ನಮ್ಮ ಬ್ರಾಂಚಿಗೆ ಹಾಕಿದ ಹುಡುಗೀನೂ ಇವತ್ತ ಬಂದಿಲ್ಲ. ಉದ್ಘಾಟನಾ ದಿವಸಾನ ಹಿಂಗ ಮಾಡ್ಯಾಳ ನೋಡ್ರಿ."

"ಏನಂತ ಅವರದು?" ಯಲಗೂರಪ್ಪ ಏನೂ ಗೊತ್ತಿಲ್ಲದವನ ಹಾಗೆ ಕೇಳಿದ.

ಉತ್ತರ ಬಂದದ್ದು ಸಾದಿಕನಿಂದ. "ಪಾಯಖಾನಿ ತೊಳದದ್ದು ಲೆಕ್ಕಕ್ಕ ಹಿಡಿಯಂಗಿಲ್ಲಂತ್ರಿ ಸಾಹೇಬ್ರ. ಕಸಾ ಹೊಡದದ್ದಕ್ಕಷ್ಟ ಪಗಾರ. ಮ್ಯಾಲಿನವರು ಯಾರೋ ಹಂಗ ಬರದಿಟ್ಟಾರಂತ. ನಮ್ಮ ಮನಿಯಾಕೀನೂ ಅಲ್ಲೇ ಕುಂತಾಳ್ರಿ."

ಬರೆದಿಟ್ಟವನು ಹಿಂದಿನ ಸೀಟಿನಲ್ಲೇ ಕುಳಿತಿದ್ದ. ಸಾದಿಕನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಏನು ಮಾಡುತ್ತಿದ್ದನೋ. ಯಲಗೂರಪ್ಪ ಕಿಟಕಿಯ ಗಾಜು ಏರಿಸಿದ. ಗಾಜು ಮೊದಲೇ ಏರಿತ್ತು.

ಊರು ದಾಟಿದ ಮೇಲೆ ಅಂಬಾದಾಸ ಮತ್ತೆ ಹಿಂದೆ ತಿರುಗಿದ. "ಸರ್, ಇನ್ನೊಂದು ಖುಷಿ ಸುದ್ದಿ ಐತಿ. ನಿಮ್ಮ ಕಾಲದಾಗ ಬ್ರಾಂಚಿನ ಕಸಾ ಹೊಡಿತಿದ್ಲಲ್ಲ, ರಾಚವ್ವ ಅಂತ ಮುದುಕಿ, ಇನ್ನೂ ಅದಾಳ್ರಿ. ರಿಬ್ಬನ್ನಿನ ಒಂದು ತುದಿ ಆಕಿ ಹಿಡಿತಾಳ, ಇನ್ನೊಂದು ನಾ ಹಿಡಿತೇನಿ. ನಡುವ ನೀವು ಕತ್ತರಸ್ರಿ. ಪೇಪರಿನವರಿಗೆ ಹೇಳೇನಿ. ಸಾಹೇಬ್ರು ಬಡವರನ್ನ ಮರತಿಲ್ಲ ಅಂತ ಭಾರಿ ಫೋಟೋ ಆಕ್ಕೈತ್ರಿ."

"ಆಕೀನ ಯಾಕ?" ಅಂದ ಯಲಗೂರಪ್ಪ.

"ಸೀರಿನೂ ಕೊಟ್ಟೇನ್ರಿ ಸರ್," ಅಂದ ಅಂಬಾದಾಸ. ಸಾಹೇಬ ಖರ್ಚಿನ ಮಾತು ಕೇಳಿದ ಎಂದುಕೊಂಡಿದ್ದ ಅವನು. ರಾಚವ್ವ ಈ ಸಾಹೇಬನ ಅವ್ವನ ತಂಗಿ ಎಂದು ಅವನಿಗೆ ಗೊತ್ತಿರಲಿಲ್ಲ. ಬ್ಯಾಂಕಿನಲ್ಲಿ ಈಗ ಯಾರಿಗೂ ಗೊತ್ತಿಲ್ಲ. ಬೆಂಗಳೂರಿನಲ್ಲಿ ಅವನ ಮಗಳ ಬೀಗರಿಗೆ ಕೇರಿಯೂ ಗೊತ್ತಿಲ್ಲ, ಚಿಗವ್ವನೂ ಗೊತ್ತಿಲ್ಲ. ಅಡ್ಡಹೆಸರು ಮಮದಾಪುರ. ಊರಿನ ಹೆಸರು ಇಟ್ಟುಕೊಂಡರೆ ಕೇರಿ ಕಾಣುವುದಿಲ್ಲ.

ಹೈಸ್ಕೂಲಿಗೆಂದು ಅವ್ವ ಅವನನ್ನು ಬಬಲೇಶ್ವರದ ಈ ಚಿಗವ್ವನ ಮನೆಗೆ ಕಳಿಸಿದ್ದಳು. ರಾಚವ್ವ ಆಗ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ. ಬೆಳಗಾಗುವ ಮೊದಲು ಎದ್ದು ಸಂತೆಯ ಬಯಲು ಗುಡಿಸುವಳು, ಊರ ದೊಡ್ಡವರ ಹಿತ್ತಲಿನ ಪಾಯಖಾನೆ ತೊಳೆಯುವಳು, ಬಂದು ರೊಟ್ಟಿ ಬಡಿಯುವಳು. ಮೊದಲ ರೊಟ್ಟಿ ಅವನಿಗೆ. ಒಂದು ದಿನ ಅವನು ಮುಖ ತಿರುವಿ, "ನಿನ್ನ ಕೈ ನಾರತೈತಿ ಬೇ," ಅಂದ. ಅವತ್ತಿನಿಂದ ಅವಳು ರೊಟ್ಟಿಯನ್ನು ಕೈಯಿಂದ ಕೊಡಲಿಲ್ಲ, ಪರಾತದಲ್ಲಿಟ್ಟು ಅವನ ಕಡೆ ಸರಿಸುತ್ತಿದ್ದಳು. ಆ ರೊಟ್ಟಿ ತಿಂದೇ ಅವನು ಓದಿದ. ಬ್ಯಾಂಕಿನ ಪರೀಕ್ಷೆ ಪಾಸಾದ. ಕೇರಿಯಲ್ಲಿ ಸಕ್ಕರೆ ಹಂಚಿದವಳೂ ಅವಳೇ.

ಬಡ್ತಿಯಾಗಿ ಅವನು ಬಬಲೇಶ್ವರಕ್ಕೇ ಮ್ಯಾನೇಜರನಾಗಿ ಬಂದ. ಅಷ್ಟು ಹೊತ್ತಿಗೆ ರಾಚವ್ವ ಆ ಬ್ಯಾಂಕಿನಲ್ಲೇ ಕೈಗೂಲಿಗೆ ಕಸ ಗುಡಿಸುತ್ತಿದ್ದಳು. ಅವನು ಮೆಟ್ಟಿಲು ಹತ್ತುವಾಗ ಕಸಬರಿಗೆ ಬಿಸಾಕಿ ಓಡಿ ಬಂದಳು. "ನಮ್ಮ ಯಲಗೂರ್ಯಾ ಬಂದಾನ! ನಮ್ಮ ಯಲಗೂರ್ಯಾ ಸಾಹೇಬ ಆಗಿ ಬಂದಾನ!" ಗಿರಾಕಿಗಳು ತಿರುಗಿ ನೋಡಿದರು. ಕ್ಯಾಶಿಯರ್ ಸತೀಶಕುಮಾರ ಕಿಟಕಿಯೊಳಗಿಂದಲೇ ನಕ್ಕ.

"ಹೌದೇನ್ರಿ? ಸಾಹೇಬ್ರ ಮನಿ ಮಂದೀನ ಇಲ್ಲಿ ಅದಾರೇನು? ಹಂಗಾರ ನಾಳಿಗೇ ಕಾಯಂ ಬಿಡ್ರಿ ಮುದುಕಿಗೆ. ಕೋಟಾದಾಗ ಕೋಟಾ."

ರಾಚವ್ವ ಆಗ ಮುದುಕಿಯಾಗಿರಲಿಲ್ಲ. ಅವಳ ಸೊಂಟದ ಮೇಲೆ ಹಾಲು ಕುಡಿಯುವ ಕೂಸು ಇತ್ತು. ಸೊಂಟ ಮುರಿದವಳನ್ನೆಲ್ಲ ಮುದುಕಿ ಅನ್ನುವುದು ಕುರ್ಚಿಯ ಮೇಲೆ ಕುಳಿತವರ ರೂಢಿ. ಯಲಗೂರಪ್ಪನಿಗೆ ಅದು ತಾಗಲಿಲ್ಲ. ತಾಗಿದ್ದು ಕೋಟಾ ಅನ್ನುವ ಮಾತು. ತಾನು ಯಾರ ಋಣದಲ್ಲೂ ಇಲ್ಲದ, ಯಾರ ಕುಲದವನೂ ಅಲ್ಲದ ಅಧಿಕಾರಿ ಎಂದು ಆ ಕ್ಯಾಶಿಯರನಿಗೆ ತೋರಿಸಬೇಕು. ಅದೊಂದೇ ಹಟ.

ತೋರಿಸುವ ದಿನವೂ ಬಂತು.

ಬ್ಯಾಂಕಿನಲ್ಲಿ ಕಸ ಗುಡಿಸುವವಳಿಗೆ ಸೊಂಟ ನೋಡಿ ಪಗಾರ ಕೊಡುವುದಿಲ್ಲ, ನೆಲ ಅಳೆದು ಕೊಡುತ್ತಾರೆ. ಅವಳು ಸ್ವಚ್ಛ ಮಾಡುವ ಜಾಗ ಇಷ್ಟು ಚದರಡಿ ದಾಟಿದರೆ ಅವಳು ಬ್ಯಾಂಕಿನವಳು. ಕಾಯಂ, ತಿಂಗಳ ಪಗಾರ, ಮುಪ್ಪಿಗೆ ಪಿಂಚಣಿ. ದಾಟದಿದ್ದರೆ ಕೈಗೂಲಿ, ಅವಳ ಹೆಸರೂ ಬ್ಯಾಂಕಿಗೆ ಬೇಕಾಗಿಲ್ಲ. ಎಲ್ಲ ಶಾಖೆಗಳೂ ನೆಲ ಅಳೆದು ಕಳಿಸಬೇಕೆಂದು ಮೇಲಿನಿಂದ ಆದೇಶ ಬಂದಾಗ ಯಲಗೂರಪ್ಪ ತಾನೇ ಟೇಪು ತಗೊಂಡ. ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕಲ್ಲ. ರಾಚವ್ವ ಬಂದಳು.

ಎಂಥ ಖುಷಿ ಅವಳಿಗೆ. ಕೂಸನ್ನು ಗೋಣಿಚೀಲದ ಮೇಲೆ ಮಲಗಿಸಿ, ಸೆರಗು ಸಿಕ್ಕಿಸಿ, ಟೇಪಿನ ತುದಿಯನ್ನು ಗೋಡೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. "ಸರಿ ಹಿಡದೇನೇನೋ ಯಲಗೂರ್ಯಾ? ಬಿಗಿ ಆತಿಲ್ಲೋ?" ಕ್ಯಾಶು ಎಣಿಸುವ ಜಾಗ, ಜನ ನಿಲ್ಲುವ ಜಾಗ, ತಿಜೋರಿ ಕೋಣೆ, ಪಡಸಾಲೆ. ಒಂದೊಂದು ಮೂಲೆಗೂ ಮಂಡಿಯೂರಿ ಕುಳಿತಳು. ಸತೀಶಕುಮಾರ ಪೆನ್ನು ಕಚ್ಚಿಕೊಂಡು ನೋಡುತ್ತಿದ್ದ.

ಪಡಸಾಲೆ ಮುಗಿದಾಗ ಅಳತೆ ಕಾಯಂ ಆಗುವ ಗೆರೆಯ ಅಂಚಿಗೆ ಬಂದು ನಿಂತಿತ್ತು. ಇನ್ನು ಹಿತ್ತಲಿನ ಪಾಯಖಾನೆ, ಅದರ ಮುಂದಿನ ಕಟ್ಟೆ. ಅದನ್ನು ಸೇರಿಸಿದರೆ ದಾಟುತ್ತದೆ. ಆ ಪಾಯಖಾನೆಗೆ ನಳ ಇರಲಿಲ್ಲ. ಬಾವಿಯಿಂದ ನೀರು ಸೇದಿ ಹೊತ್ತು ತರಬೇಕು. ಸಂತೆಯ ದಿನ ಬ್ಯಾಂಕಿಗೆ ಬಂದವರೆಲ್ಲ ಅಲ್ಲಿಗೇ ಹೋಗುತ್ತಿದ್ದರು. ಕಟ್ಟಿಕೊಂಡರೆ ರಾಚವ್ವ ಮೊಣಕೈವರೆಗೆ ಕೈ ಇಳಿಸಿ ತೆಗೆಯುತ್ತಿದ್ದಳು. ಯಲಗೂರಪ್ಪ ಅದನ್ನು ಕಣ್ಣಾರೆ ಕಂಡಿದ್ದ, ಮೂಗು ಮುಚ್ಚಿಕೊಂಡು ಕಂಡಿದ್ದ.

ಅವನು ಟೇಪು ಸುತ್ತತೊಡಗಿದ.

"ಪಾಯಖಾನಿ ಉಳೀತಲ್ಲೋ ಯಲಗೂರ್ಯಾ."

"ಅದು ಹೊರಗ ಐತಿ. ಲೆಕ್ಕಕ್ಕ ಬರೂದಿಲ್ಲ."

"ಹೊರಗ ಎಲ್ಲೈತೋ? ಬ್ಯಾಂಕಿನ ಕಂಪೌಂಡಿನಾಗ ಐತಿ. ತೊಳಿಯಾಕಿ ನಾನ."

ಅವನು ಕ್ಯಾಶಿಯರನ ಕಡೆ ನೋಡಿದ. ಆಮೇಲೆ ಹಲ್ಲು ಕಚ್ಚಿ, ಸಣ್ಣ ದನಿಯಲ್ಲಿ ಹೇಳಿದ. "ಇಲ್ಲಿ ಹೆಸರ ಹಿಡದು ಕರೀಬ್ಯಾಡ. ಸಾಹೇಬ್ರ ಅನ್ನು. ಮಂದಿ ನೋಡಾಕತ್ತಾರ."

ಟೇಪಿನ ತುದಿ ಇನ್ನೂ ಅವಳ ಹೆಬ್ಬೆರಳ ಕೆಳಗಿತ್ತು. ಅವಳು ಅದನ್ನು ಮೆಲ್ಲಗೆ ಬಿಟ್ಟಳು. "ಹೂಂನ್ರಿ ಸಾಹೇಬ್ರ," ಅಂದಳು. ಕಸಬರಿಗೆ ತಗೊಂಡು ಹಿತ್ತಲಿಗೆ ಹೋದಳು. ಅಂದಿನಿಂದ ಅವಳ ಬಾಯಲ್ಲಿ ಯಲಗೂರ್ಯಾ ಸತ್ತ.

ಶೌಚಾಲಯವನ್ನು ಹೊರಗಿನ ಜಾಗವೆಂದು ಪರಿಗಣಿಸಬಹುದು ಎಂದು ಅವನು ಟಿಪ್ಪಣಿ ಬರೆದ. ಟಿಪ್ಪಣಿ ಮೇಲಕ್ಕೆ ಹೋಯಿತು. ಅವನೂ ಹೋದ. ಒಂದು ಶಾಖೆಯಲ್ಲಿ ಉಳಿದ ದುಡ್ಡು ಎಲ್ಲ ಶಾಖೆಗಳಲ್ಲೂ ಉಳಿಯಬಹುದಲ್ಲ ಎಂದು ದೊಡ್ಡವರಿಗೆ ಹೊಳೆಯಿತು. ಹುಬ್ಬಳ್ಳಿ, ಮುಂಬೈ, ದಿಲ್ಲಿ. ಬಡ್ತಿಯ ಸಂದರ್ಶನದಲ್ಲಿ ಪ್ರಾಮಾಣಿಕತೆಗೆ ಒಂದು ಉದಾಹರಣೆ ಕೊಡಿ ಅಂದಾಗ ಅವನು ಈ ಕಥೆಯನ್ನೇ ಹೇಳಿದ. ಸ್ವಂತ ಸಂಬಂಧಿಕಳಿದ್ದರೂ ನಿಯಮ ಬಿಡಲಿಲ್ಲ ಅಂದ. ಅವರು ತಲೆದೂಗಿದರು. ನಿಯಮ ಪಾಯಖಾನೆಯನ್ನು ಬಿಡು ಎಂದು ಎಲ್ಲಿಯೂ ಹೇಳಿರಲಿಲ್ಲ. ಅದನ್ನು ಮಾತ್ರ ಅವನು ಹೇಳಲಿಲ್ಲ. ರಾಚವ್ವನ ಅನ್ನ ಕಿತ್ತದ್ದು ಒಂದು ಪಾಪ. ಅದನ್ನು ಪುಣ್ಯವೆಂದು ಮಾರಿಕೊಂಡದ್ದು ಇನ್ನೊಂದು.

ಕೊನೆಗೆ ಸರ್ಕಾರ ಅವನನ್ನು ಹಣಕಾಸು ಇಲಾಖೆಗೆ ಕರೆಸಿಕೊಂಡು, ಖರ್ಚು ಕಡಿತದ ಸಮಿತಿಗೆ ಅಧ್ಯಕ್ಷನನ್ನಾಗಿ ಕೂರಿಸಿತು. ಆ ವರದಿ ದಪ್ಪಗಿತ್ತು. ಅದರಲ್ಲಿ ಒಂದು ಸಾಲು: ಶೌಚಾಲಯದ ಸ್ವಚ್ಛತೆಯನ್ನು ಪ್ರತ್ಯೇಕ ಕೆಲಸವೆಂದು ಪರಿಗಣಿಸಬೇಕಾಗಿಲ್ಲ. ಬರೆಯುವಾಗ ಕೈ ಒಂದು ಗಳಿಗೆ ನಿಂತಿತ್ತು. ಮೂಗಿಗೆ ಫಿನಾಯಿಲ್ ವಾಸನೆ ಬಂದಂತಾಗಿತ್ತು. ಆಮೇಲೆ ಬರೆದ. ಆ ಒಂದು ಸಾಲಿನ ಮೇಲೆ ಏಜೆನ್ಸಿಗಳು ಹುಟ್ಟಿದವು. ಆ ಸಾಲೇ ಇವತ್ತು ಡಿಸಿ ಆಫೀಸಿನ ಮುಂದೆ ಬಿಸಿಲಿಗೆ ಕುಳಿತಿತ್ತು.

ಕಾರು ಬಬಲೇಶ್ವರಕ್ಕೆ ಬಂತು. ಹೊಸ ಕಟ್ಟಡದ ಮುಂದೆ ಶಾಮಿಯಾನ, ಮೈಕು, ಗಾಜಿನ ಬಾಗಿಲು. ಎದುರಿಗೆ ಬಸ್ ನಿಲ್ದಾಣ. ಹೂವು ಎರಚಿದರು, ಶಾಲು ಹೊದಿಸಿದರು. ಯಲಗೂರಪ್ಪನ ಕಣ್ಣು ಹುಡುಕುತ್ತಿತ್ತು. ಎಲ್ಲಿದ್ದಾಳೆ ಎಂದೂ ಹುಡುಕುತ್ತಿತ್ತು, ಬರದೇ ಇದ್ದರೆ ಸಾಕು ಎಂದೂ ಬೇಡುತ್ತಿತ್ತು.

ರಾಚವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಬೆನ್ನು ಬಾಗಿ ನೆಲಕ್ಕೆ ಹತ್ತಿರವಾಗಿತ್ತು. ಬೆರಳ ಸಂದಿಯ ಚರ್ಮ ಬೆಳ್ಳಗೆ ಸುಲಿದಿತ್ತು, ಎರಡು ಬೆರಳಿಗೆ ಉಗುರೇ ಇರಲಿಲ್ಲ. ಅಂಬಾದಾಸ ಕೊಟ್ಟ ಸೀರೆ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಉಟ್ಟಿರಲಿಲ್ಲ.

"ಬಾ ಬೇ ರಾಚವ್ವ, ಹಿಂಗ ನಿಂದ್ರು, ಹಿಡಿ ಇದನ್ನ," ಎಂದು ಅಂಬಾದಾಸ ಕೆಂಪು ರಿಬ್ಬನ್ನಿನ ತುದಿಯನ್ನು ಅವಳ ಕೈಗೆ ತುರುಕಿದ. ಇನ್ನೊಂದು ತುದಿ ತಾನು ಹಿಡಿದ. ತಟ್ಟೆಯಲ್ಲಿ ಕತ್ತರಿ ಬಂತು. ಯಲಗೂರಪ್ಪ ಅದನ್ನು ತಗೊಂಡು ಅವಳ ಹತ್ತಿರ ಹೋದ. ಯಾರಿಗೂ ಕೇಳದಂತೆ ಬಾಗಿ ಅಂದ, "ಆರಾಮ ಅದಿಯೇನು ಚಿಗವ್ವಾ?"

"ಯಾರ್ರಿ ಸಾಹೇಬ್ರ ನಿಮಗ ಚಿಗವ್ವ?" ಅವಳ ದನಿ ಸಣ್ಣದಿರಲಿಲ್ಲ. "ಮಂದಿ ನೋಡಾಕತ್ತಾರ."

ರಾಚವ್ವ ಕೈಯಲ್ಲಿದ್ದ ರಿಬ್ಬನ್ನನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು.

"ಇಂಥಾದೇ ಒಂದು ತುದಿ ಆವಾಗೂ ನನ್ನ ಕೈಯಾಗ ಕೊಟ್ಟಿದ್ರಿ. ಸಡ್ಲ ಬಿಟ್ರ ಅಳತಿ ತಪ್ಪತೈತಿ ಅಂತ ನಾ ಉಸರು ಬಿಗಿ ಹಿಡಕೊಂಡು ಹಿಡದಿದ್ದೆ. ನನ್ನ ಕುತಿಗಿ ಕೊಯ್ಯಾಕ ನನ್ನ ಕಡಿಂದಾನ ಹಿಡಸಿದ್ರಿ. ಇವತ್ತ ಹಿಡಿಯಂಗಿಲ್ಲ."

ಬಿಟ್ಟಳು. ರಿಬ್ಬನ್ ನೆಲಕ್ಕೆ ಬಿತ್ತು. ಸೀರೆಯ ಚೀಲವನ್ನೂ ಅದರ ಪಕ್ಕದಲ್ಲಿ ಇಟ್ಟಳು.

"ಏ ಮುದುಕಿ, ತಲಿ ನೆಟ್ಟಗ ಐತೇನು?" ಅಂಬಾದಾಸ ನುಗ್ಗಿ ಬಂದ. ಯಲಗೂರಪ್ಪ ಕೈ ಅಡ್ಡ ಹಿಡಿದು ಅವನನ್ನು ತಡೆದ. ಅವಳ ಕಿವಿಯ ಹತ್ತಿರ ಅವಸರವಾಗಿ ಹೇಳಿದ. "ನಿರ್ಮಲಾನ ಇಲ್ಲೇ ಕಾಯಂ ಮಾಡಸ್ತೇನಿ. ಒಂದು ಫೋನ್ ಮಾಡಿದ್ರ ಆತು. ಇವತ್ತ ಮಾಡ್ತೇನಿ. ಈಗ ಹಿಡಕೋ, ಕೈ ಮುಗಿತೇನಿ."

"ಆಕಿ ಒಬ್ಬಾಕೀನ ಏನೋ ತೊಳಿಯಾಕಿ?" ಅವನಿಗಷ್ಟೇ ಕೇಳುವಂತೆ ಅಂದಳು ರಾಚವ್ವ. "ಅಲ್ಲಿ ವಿಜಾಪುರದಾಗ ಬಿಸಿಲಿಗೆ ಕುಂತಾರಲ್ಲ, ಅಷ್ಟೂ ಮಂದಿಗೆ ಫೋನ್ ಮಾಡ್ತಿಯೇನು? ಪಾಯಖಾನಿ ಬಿಟ್ಟು ಬರದದ್ದು ಕೇಳಿದಾಗನ ಅದು ನಿನ್ನ ಅಳತಿ ಅಂತ ಗುರುತು ಹಿಡದೇನಿ. ನಾ ಸುಮ್ನ ಬಂದಿಲ್ಲ ಇಲ್ಲಿಗೆ. ನಿನ್ನ ಮುಖಾ ನೋಡಿ ಕೇಳಾಕ ಬಂದೇನಿ. ಮೈಕ ಐತಿ, ಮಂದಿ ಐತಿ. ಪಾಯಖಾನಿ ಬಿಟ್ಟು ಅಳದೇನಿ, ತಪ್ಪಾತು ಅಂತ ಹೇಳು. ಈ ರಾಚವ್ವ ನಮ್ಮವ್ವನ ತಂಗಿ ಅಂತ ಹೇಳು. ಹೇಳಿ, ಕತ್ರಿ ಕೆಳಗಿಟ್ಟು, ನನ್ನ ಕೂಡ ಬಾ. ಆ ಹೆಣ್ಮಕ್ಕಳ ನಡುವ ಕುಂಡ್ರೂಣು. ಬರದಾವನು ನಾನ ಅಂತ ನೀ ಅಂದ್ರ ಡಿಸಿ ಎದ್ದು ಹೊರಗ ಬರ್ತಾನ. ಆಗಂಗಿಲ್ಲ ಅಂದ್ರ ಕತ್ತರಿಸಿಕೋ. ಕತ್ತರಿಸೂದು ನಿನಗೇನ ಹೊಸಾದಲ್ಲ."

ಅವಳು ಅವನಿಗೆ ನೀ ಅಂದಿದ್ದಳು. ಇಷ್ಟು ವರ್ಷಗಳ ಮೇಲೆ ನೀ ಅಂದಿದ್ದಳು. ಅದೊಂದು ಅಕ್ಷರಕ್ಕಾಗಿ ಅವನು ಎಷ್ಟು ಊರುಗಳಲ್ಲಿ ನಿದ್ದೆ ಕೆಟ್ಟಿದ್ದ. ಬಾಯಿ ತೆರೆದರೆ ಆಯಿತು. ಇನ್ನೊಂದು ಮಾತಿಗೆ ಯಲಗೂರ್ಯಾ ಅನ್ನುತ್ತಾಳೆ. ಅವನಿಗೆ ಅದು ಗೊತ್ತಿತ್ತು.

ಅವನು ಮೈಕಿನ ಕಡೆ ನೋಡಿದ. ಪೇಪರಿನವರ ಕ್ಯಾಮರಾ ನೋಡಿದ. ಬೀಗರ ಮುಖ ಕಣ್ಣಿಗೆ ಬಂತು. ಗೊತ್ತಿತ್ತು ಬಿಡು ಅನ್ನುವ ಸತೀಶಕುಮಾರನಂಥವರ ನಗೆ ಕಿವಿಗೆ ಬಂತು. ಬಾಯಿ ತೆರೆದ. ಮುಚ್ಚಿದ.

ಅಷ್ಟರಲ್ಲಿ ಅಂಬಾದಾಸ ರಿಬ್ಬನ್ ಎತ್ತಿ, ಅದರ ತುದಿಯನ್ನು ಬಾಗಿಲ ಬಳಿ ನಿಂತ ಬಂದೂಕಿನ ಕಾವಲುಗಾರನ ಕೈಗೆ ಕೊಟ್ಟಿದ್ದ. ರಿಬ್ಬನ್ ಮತ್ತೆ ಬಿಗಿಯಾಯಿತು. ಯಾರು ಹಿಡಿದರೇನು, ಬಿಗಿಯಾದರೆ ಸಾಕು. "ಸರ್," ಅಂದ ಅಂಬಾದಾಸ.

ಯಲಗೂರಪ್ಪ ಕತ್ತರಿಸಿದ.

ಚಪ್ಪಾಳೆ ಬಿದ್ದವು. ಚಪ್ಪಾಳೆಯ ನಡುವೆ ರಾಚವ್ವನ ಮಾತು ಅವನಿಗೊಬ್ಬನಿಗೇ ಕೇಳಿತು. "ಆತು ಬಿಡ್ರಿ ಸಾಹೇಬ್ರ." ಅವಳು ತಿರುಗಿದಳು. ಮಂಡಿಯ ಮೇಲೆ ಕೈಯೂರಿ ಒಂದೊಂದೇ ಮೆಟ್ಟಿಲು ಇಳಿದಳು. ಯಾರೂ ಕೈ ಹಿಡಿಯಲಿಲ್ಲ. ಅವನೂ ಹಿಡಿಯಲಿಲ್ಲ.

ಎಲ್ಲರೂ ಒಳಗೆ ನುಗ್ಗಿದರು. ಹೊಸ ನೆಲದ ಮೇಲೆ ಹೂವಿನ ಪಕಳೆ, ಒಡೆದ ತೆಂಗಿನಕಾಯಿಯ ನೀರು, ಚಹಾದ ಕಾಗದದ ಕಪ್ಪು, ಕೆಂಪು ರಿಬ್ಬನ್ನಿನ ತುಂಡು. "ಏ, ಯಾರದೀರಲ್ಲಿ? ಕಸಾ ತಗೀರಿ ಇದನ್ನ," ಎಂದು ಅಂಬಾದಾಸ ಕೂಗಿದ. ಯಾರೂ ಬರಲಿಲ್ಲ. ಬರಬೇಕಾದವಳು ವಿಜಯಪುರದಲ್ಲಿ ಕುಳಿತಿದ್ದಳು. ಮೂಲೆಯಲ್ಲಿ ಹೊಸ ಕಸಬರಿಗೆ ಒಂಟಿಯಾಗಿ ನಿಂತಿತ್ತು.

ಯಲಗೂರಪ್ಪನಿಗೆ ಏನನ್ನಿಸಿತೋ. ಹೆಗಲ ಮೇಲಿನ ಶಾಲು ಜಾರಿತು. ಅವನು ಬಾಗಿದ. ಎಷ್ಟೋ ವರ್ಷಗಳಿಂದ ಬಾಗದ ಬೆನ್ನು ನೋಯಿತು. ಕೈ ನೆಲದ ಮೇಲಿನ ರಿಬ್ಬನ್ನಿಗೆ ಇನ್ನೇನು ತಾಗಬೇಕು.

"ಅಯ್ಯ ಸರ್, ನೀವ್ಯಾಕ್ರಿ?" ಅಂಬಾದಾಸ ಓಡಿ ಬಂದ. "ಬಿಡ್ರಿ ಸರ್. ಮಂದಿ ನೋಡಾಕತ್ತಾರ."

ಯಲಗೂರಪ್ಪ ನೆಟ್ಟಗೆ ನಿಂತ. ಶಾಲು ಸರಿ ಮಾಡಿಕೊಂಡ.

ಗಾಜಿನ ಬಾಗಿಲಿನಾಚೆ ವಿಜಯಪುರದ ಬಸ್ಸು ಹೊರಟಿತ್ತು. ಕಿಟಕಿಯ ಪಕ್ಕದಲ್ಲಿ ರಾಚವ್ವ ಕುಳಿತಿದ್ದಳು. ಅವಳು ಈ ಕಡೆ ನೋಡಲಿಲ್ಲ.